ಇಪ್ಪತ್ತು ಮ್ಯೂಸಿಯಂ, ಒಂದು ಶಿಲುಬೆ

ಕಲೆ ಎಲ್ಲರಿಗೂ ಅರ್ಥವಾಗುವಂಥದ್ದು. ಹಾಗಾಗಿ ಯಾವ ವಿಷಯ ಓದುವವರನ್ನಾದರೂ ಫ್ಲಾರೆನ್ಸಿಗೋ ಗ್ರನಾಡಾಕ್ಕೋ ಕರೆದುಕೊಂಡು ಹೋದರೆ ಅವರ ಮನಸ್ಸು ತಾನಾಗಿ ಅರಳುತ್ತದೆ. ವಿದೇಶದಲ್ಲಿ ನಡೆಯುವ ಕಲಾಕೇಂದ್ರಿತ ಕೋರ್ಸುಗಳನ್ನು ರೂಪಿಸುವ ಅಧ್ಯಾಪಕರಲ್ಲಿ, ಅವಕ್ಕೆ ಒಪ್ಪಿಗೆ ಕೊಡುವ ಡೀನ್‌ಗಳಲ್ಲಿ, ಹಣ ಕಟ್ಟುವ ತಂದೆತಾಯಿಗಳಲ್ಲಿ ಈ ನಂಬಿಕೆ ಎಷ್ಟು ಗಟ್ಟಿಯೆಂದರೆ ಅದನ್ನು ವಾದಿಸಿ ಸಾಧಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಎಂಜಿನಿಯರಿಂಗ್‌ನವರಿಗೆ ಸೃಜನಶೀಲತೆ ಬರುತ್ತದೆ, ನರ್ಸಿಂಗ್‌ನವರಿಗೆ ಅನುಕಂಪ ಬರುತ್ತದೆ, ಮ್ಯಾನೇಜ್‌ಮೆಂಟ್‌ನವರಿಗೆ ನಾಯಕತ್ವ ಬರುತ್ತದೆ ಎಂದು ಸಿಲಬಸ್ಸಿನ ಮೊದಲ ಪುಟದಲ್ಲಿ ಬರೆದು ವಿಮಾನದ ಟಿಕೆಟ್ ಕೊಳ್ಳುತ್ತಾರೆ. ಈ ನಂಬಿಕೆಯಿಂದ ಕಲೆಗೂ ಅನ್ಯಾಯವಾಗುತ್ತಿದೆ, ಉಳಿದ ಶಾಸ್ತ್ರಗಳಿಗೂ ಅನ್ಯಾಯವಾಗುತ್ತಿದೆ ಎಂಬುದು ನನ್ನ ವಾದ. ಒಂದು ದೊಡ್ಡ ಕಲಾಕೃತಿಯ ಮುಂದೆ ಪ್ರತಿಯೊಂದು ಶಾಸ್ತ್ರವೂ ಯಾವುದೋ ಒಂದು ಹಂತದಲ್ಲಿ ಕೈಚೆಲ್ಲುತ್ತದೆ. ಆ ಹಂತ ಒಂದೊಂದು ಶಾಸ್ತ್ರಕ್ಕೆ ಒಂದೊಂದು. ಬೇರೆಬೇರೆ ವಿಷಯದವರನ್ನು ಕಲೆಯ ಮುಂದೆ ಕೂಡಿಸುವುದಕ್ಕೆ ಇದಕ್ಕಿಂತ ಬಲವಾದ ಕಾರಣ ನನಗೆ ಕಾಣುವುದಿಲ್ಲ, ಮತ್ತು ಈಗಿನ ಕೋರ್ಸುಗಳು ವಿದ್ಯಾರ್ಥಿಗಳನ್ನು ತಪ್ಪಿಸಿ ಕರೆದೊಯ್ಯುವುದು ಸರಿಯಾಗಿ ಆ ಹಂತದಿಂದಲೇ.

ವಿದೇಶಕ್ಕೆ ಹೋಗಿ ಓದುವ ಈ ಪದ್ಧತಿ ಶುರುವಾದಾಗ ಹೀಗಿರಲಿಲ್ಲ. 1923ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯ ಎಂಟು ವಿದ್ಯಾರ್ಥಿಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ಕಳಿಸಿತು. ಅವರು ಮೊದಲು ನ್ಯಾನ್ಸಿಯಲ್ಲಿ ಭಾಷೆ ಕಲಿತು, ಆಮೇಲೆ ಪ್ಯಾರಿಸ್ಸಿಗೆ ಹೋಗಿ ಅಲ್ಲಿನವರ ಜೊತೆ ಕೂತು ಓದಿದರು. ಸ್ಮಿತ್ ಕಾಲೇಜು 1925ರಲ್ಲಿ ಪ್ಯಾರಿಸ್ಸಿಗೆ, 1931ರಲ್ಲಿ ಫ್ಲಾರೆನ್ಸಿಗೆ ತನ್ನ ವಿದ್ಯಾರ್ಥಿನಿಯರನ್ನು ಕಳಿಸಲು ಶುರುಮಾಡಿತು. ಹೋದವರು ವರ್ಷವಿಡೀ ಅಲ್ಲೇ ಇರುತ್ತಿದ್ದರು. ಈಗಿನ ಲೆಕ್ಕ ಬೇರೆ. ಕೋವಿಡ್‌ಗೆ ಮುಂಚಿನ 2018-19ರಲ್ಲಿ ಸುಮಾರು ಮೂರೂವರೆ ಲಕ್ಷ ಅಮೆರಿಕನ್ ವಿದ್ಯಾರ್ಥಿಗಳು ಕ್ರೆಡಿಟ್ಟಿಗಾಗಿ ಹೊರದೇಶಕ್ಕೆ ಹೋದರು. ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಬೇಸಿಗೆಯ ಅವಧಿಗೋ ಎಂಟು ವಾರದೊಳಗಿನ ಕೋರ್ಸಿಗೋ ಹೋದವರು. ಹೋಗುವವರು ಓದುವ ವಿಷಯವೂ ಬದಲಾಗಿದೆ. ನಾಲ್ಕರಲ್ಲಿ ಒಬ್ಬರಷ್ಟು ವಿಜ್ಞಾನ, ತಂತ್ರಜ್ಞಾನ, ಗಣಿತದವರು. ಇದು ಒಳ್ಳೆಯ ಸುದ್ದಿಯೇ. ಆದರೆ ಇವರಿಗಾಗಿ ಕಲೆಯ ಕೋರ್ಸು ರೂಪಿಸುವಾಗ ಅಧ್ಯಾಪಕರು ಹಿಡಿದ ದಾರಿ ಮಾತ್ರ ತೀರ ಸಲೀಸಾದದ್ದು: ಅವಧಿ ಚಿಕ್ಕದು, ಆದ್ದರಿಂದ ಸಿಕ್ಕಷ್ಟನ್ನು ತೋರಿಸಿಬಿಡೋಣ, ವಿದ್ಯಾರ್ಥಿಗಳಿಗೆ ಕಲಾಚರಿತ್ರೆಯ ಹಿನ್ನೆಲೆಯಿಲ್ಲ, ಆದ್ದರಿಂದ ಕಷ್ಟದ್ದೇನನ್ನೂ ಕೇಳದಿರೋಣ.

ಹೀಗೆ ಹುಟ್ಟುವ ವೇಳಾಪಟ್ಟಿ ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ. ಬೆಳಿಗ್ಗೆ ಫ್ಲಾರೆನ್ಸಿನ ಉಫಿತ್ಸಿ ಮ್ಯೂಸಿಯಂ, ಮಧ್ಯಾಹ್ನ ಅಕಾದೆಮಿಯಾ, ಮರುದಿನ ಸಿಯೆನಾ, ಅದರ ಮರುದಿನ ಪೀಸಾ, ವಾರದ ಕೊನೆಗೆ ರೋಮ್. ಮೂರು ವಾರ ಮುಗಿಯುವಷ್ಟರಲ್ಲಿ ಇಪ್ಪತ್ತು ಮ್ಯೂಸಿಯಂ. ರಾತ್ರಿ ಹೊತ್ತು ದಿನಚರಿ ಬರೆಯಬೇಕು: ಇಂದು ನನಗೆ ಏನನ್ನಿಸಿತು, ನಾನು ಹೇಗೆ ಬದಲಾದೆ. ಅಂಕ ಬರುವುದು ಆ ದಿನಚರಿಗೆ. ಬದಲಾದೆ ಎಂದು ಬರೆದವರಿಗೆ ಅಂಕ ಸಿಗುವ ಕಡೆ ಯಾರು ತಾನೇ ಬದಲಾಗಲಿಲ್ಲವೆಂದು ಬರೆದಾರು? ದಿನಕ್ಕೆ ನೂರಿನ್ನೂರು ಚಿತ್ರಗಳ ಮುಂದೆ ನಡೆದುಹೋದ ರಸಾಯನಶಾಸ್ತ್ರದ ಹುಡುಗಿಯೊಬ್ಬಳಿಗೆ ತನ್ನ ರಸಾಯನಶಾಸ್ತ್ರವನ್ನು ಚೀಲದಿಂದ ಹೊರತೆಗೆಯುವ ಸಂದರ್ಭವೇ ಬರುವುದಿಲ್ಲ. ಆಕೆ ಪ್ರವಾಸಿಯಾಗಿ ಹೋಗಿ ಪ್ರವಾಸಿಯಾಗಿ ಮರಳುತ್ತಾಳೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದ ಕೋರ್ಸುಗಳೂ ಇವೆ: ಕಲೆಯನ್ನು ತಮ್ಮ ಶಾಸ್ತ್ರದ ಉದಾಹರಣೆಯಾಗಿ ಬಳಸುವಂಥವು. ನನಗೆ ಹೆಚ್ಚು ತಕರಾರಿರುವುದು ಇವುಗಳ ಮೇಲೆ, ಏಕೆಂದರೆ ಅಂತರ್‌ಶಿಸ್ತೀಯ ಅಧ್ಯಯನವೆಂಬ ಗೌರವ ಸಿಗುವುದು ಇವಕ್ಕೆ. ಗಣಿತದವರನ್ನು ಸ್ಪೇನಿನ ಗ್ರನಾಡಾಕ್ಕೆ ಕರೆದುಕೊಂಡು ಹೋಗುವ ಕೋರ್ಸನ್ನು ನೋಡಿ. ಒಂದು ಸಮತಲದ ಮೇಲೆ ಪುನರಾವರ್ತನೆಗೊಳ್ಳುವ ವಿನ್ಯಾಸಗಳಲ್ಲಿ ಸಮಮಿತಿಯ ದೃಷ್ಟಿಯಿಂದ ಹದಿನೇಳೇ ಬಗೆ ಸಾಧ್ಯ ಎಂಬುದನ್ನು ರಷ್ಯದ ಫೆದರೊವ್ 1891ರಲ್ಲಿ ಸಾಧಿಸಿ ತೋರಿಸಿದ. ಅಲ್‌ಹಂಬ್ರಾ ಅರಮನೆಯ ಗೋಡೆಗಳಲ್ಲಿ ಈ ಹದಿನೇಳೂ ಇವೆ ಎಂಬುದು ತರಗತಿಗಳಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ಮಾತು. ವಿದ್ಯಾರ್ಥಿಗಳ ಕೈಗೆ ಪಟ್ಟಿ ಕೊಡುತ್ತಾರೆ, ಅವರು ಅಂಗಳದಿಂದ ಅಂಗಳಕ್ಕೆ ಓಡಾಡಿ ಗುರುತು ಹಾಕುತ್ತಾರೆ. ಆದರೆ 1944ರಲ್ಲಿ ಜೂರಿಕ್‌ನಲ್ಲಿ ಎಡಿತ್ ಮ್ಯುಲರ್ ತಮ್ಮ ಪ್ರಬಂಧಕ್ಕಾಗಿ ಹುಡುಕಿದಾಗ ಅವರಿಗೆ ಸಿಕ್ಕಿದ್ದು ಹನ್ನೊಂದು. ಮುಂದೆ ಹುಡುಕಿದವರಿಗೆ ಹದಿಮೂರು ಸಿಕ್ಕವು. ಹದಿನೇಳೂ ಸಿಕ್ಕವೆಂದು 1980ರ ದಶಕದಲ್ಲಿ ಒಂದು ಲೇಖನ ಬಂತು. 2006ರಲ್ಲಿ ಬ್ರಾಂಕೊ ಗ್ರುನ್‌ಬಾಮ್ ಎಂಬ ಹಿರಿಯ ಜ್ಯಾಮಿತಿಜ್ಞರು ಲೆಕ್ಕವನ್ನು ಬಿಟ್ಟು ಪ್ರಶ್ನೆಯನ್ನೇ ಹಿಡಿದು ಅಲುಗಾಡಿಸಿದರು. ಬಣ್ಣವನ್ನು ಗಣನೆಗೆ ತೆಗೆದುಕೊಂಡರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು. ಅದಲ್ಲದೆ ಆ ಕುಶಲಕರ್ಮಿಗಳ ಕಾಲದಲ್ಲಿ ಸಮಮಿತಿಯ ಗುಂಪುಗಳೆಂಬ ಕಲ್ಪನೆಯೇ ಇರಲಿಲ್ಲ.

ಹದಿನಾಲ್ಕನೆಯ ಶತಮಾನದ ಆ ಅರಮನೆಗೆ ಹತ್ತೊಂಬತ್ತನೆಯ ಶತಮಾನದ ಪಟ್ಟಿ ಹಿಡಿದು ಹೋದವರಿಗೆ ಕಾಣುವುದು ಪಟ್ಟಿಯಷ್ಟೇ. ವಿನ್ಯಾಸ ಮೂಲೆಗೆ ಬಂದು ಮುಟ್ಟಿದಾಗ ಕೆಲಸಗಾರ ಏನು ಮಾಡಿದ? ಅಳತೆ ಹೊಂದದೆ ಹೋದ ಕಡೆ ಯಾವ ತುಂಡನ್ನು ಕತ್ತರಿಸಿದ? ದಾರ ಮತ್ತು ಕೈವಾರವಷ್ಟೇ ಇದ್ದರೆ ಈ ನಕ್ಷತ್ರವನ್ನು ಎಲ್ಲಿಂದ ಎಳೆಯಲು ಶುರುಮಾಡಬೇಕು? ಗಣಿತದ ವಿದ್ಯಾರ್ಥಿಗೆ ಈ ಪ್ರಶ್ನೆಗಳು ಕಷ್ಟ, ಮತ್ತು ಗೋಡೆಯ ಮುಂದೆ ನಿಂತರೆ ಮಾತ್ರ ಹುಟ್ಟುವಂಥವು. ಪಟ್ಟಿಯನ್ನಾದರೆ ಮನೆಯಲ್ಲೇ ಫೋಟೊ ನೋಡಿ ತುಂಬಬಹುದಿತ್ತು. ಗಣಿತದ ತರಬೇತಿಯೇ ಇಲ್ಲದ ಡಚ್ ಚಿತ್ರಕಾರ ಎಷರ್ 1936ರಲ್ಲಿ ಹೆಂಡತಿಯ ಜೊತೆ ಅಲ್‌ಹಂಬ್ರಾದಲ್ಲಿ ದಿನಗಟ್ಟಲೆ ಕೂತು ಈ ವಿನ್ಯಾಸಗಳನ್ನು ಕೈಯಿಂದ ನಕಲು ಮಾಡಿದ. ಮುಂದೆ ಅವನ ಚಿತ್ರಗಳಲ್ಲಿ ಹಕ್ಕಿಯೂ ಮೀನೂ ಒಂದರ ಅಂಚಿಗೊಂದು ಅಂಟಿಕೊಂಡು ಸಮತಲವನ್ನು ತುಂಬಿದ್ದು, ಗಣಿತಜ್ಞರೇ ಅವನನ್ನು ಹುಡುಕಿಕೊಂಡು ಬಂದದ್ದು ಆ ನಕಲಿನ ದೆಸೆಯಿಂದ. ಕೋರ್ಸು ರೂಪಿಸುವವರು ಗ್ರನಾಡಾದಿಂದ ಕಲಿಯಬೇಕಾದದ್ದು ಎಷರ್ ಕೂತ ರೀತಿಯನ್ನು.

ಹಾಗಾದರೆ ಹೇಗಿರಬೇಕು? ಫ್ಲಾರೆನ್ಸಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ, ಏಕೆಂದರೆ ಆ ಊರು ಬೇಡ ಎನ್ನುವುದು ನನ್ನ ಮಾತಲ್ಲ. ಸಾಂತಾ ಕ್ರೋಚೆ ಚರ್ಚಿನಲ್ಲಿ ಚಿತ್ರಕಾರ ಚಿಮಬೂಯೆ ಹದಿಮೂರನೆಯ ಶತಮಾನದಲ್ಲಿ ಬರೆದ ಮರದ ಶಿಲುಬೆಯಿದೆ. ನಾಲ್ಕು ಮೀಟರಿಗೂ ಎತ್ತರ. 1966ರ ನವೆಂಬರ್ 4ರ ಬೆಳಗಿನ ಜಾವ ಆರ್ನೊ ನದಿ ದಂಡೆ ಮೀರಿ ಊರೊಳಗೆ ನುಗ್ಗಿತು. ಅಂದು ಸಾರ್ವಜನಿಕ ರಜೆ. ಅಂಗಡಿಗಳ ಬಾಗಿಲು ಹಾಕಿತ್ತು. ಚಳಿಗಾಲಕ್ಕೆಂದು ನೆಲಮಾಳಿಗೆಗಳಲ್ಲಿ ತುಂಬಿಸಿಟ್ಟಿದ್ದ ಇಂಧನ ಎಣ್ಣೆ ನೀರಿಗೆ ಸೇರಿತು. ಎಣ್ಣೆ, ಕೆಸರು, ಚರಂಡಿ ಎಲ್ಲ ಬೆರೆತ ಆ ನೀರಲ್ಲಿ ಶಿಲುಬೆ ಮುಳುಗಿತು. ನೀರಿಳಿದ ಮೇಲೆ ನೋಡಿದರೆ ಬಣ್ಣದ ಸುಮಾರು ಶೇ. 60 ಭಾಗ ಇಲ್ಲ. ಕೆಸರನ್ನು ಸೋಸಿ ಬಣ್ಣದ ಚೂರುಗಳನ್ನು ಹೆಕ್ಕಿದರು. ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳನ್ನು ಕೆಸರಿನಿಂದ ಎತ್ತಲು ಎಲ್ಲೆಲ್ಲಿಂದಲೋ ಬಂದ ಯುವಜನರನ್ನು ಆ ಊರು ಇಂದಿಗೂ ಕೆಸರಿನ ದೇವದೂತರೆಂದೇ ನೆನೆಯುತ್ತದೆ.

ಮೂರು ವಾರದ ಕೋರ್ಸಿಗೆ ಈ ಒಂದು ವಸ್ತು ಸಾಕು ಎಂಬುದು ನನ್ನ ನಿಲುವು. ಮೊದಲ ದಿನ ಎಲ್ಲರೂ, ಯಾವ ವಿಷಯದವರೇ ಆಗಿರಲಿ, ಅದರ ಮುಂದೆ ಮೂರು ಗಂಟೆ ಕೂರಬೇಕು. ಇದು ನನ್ನ ಕಲ್ಪನೆಯಲ್ಲ. ಹಾರ್ವರ್ಡಿನ ಕಲಾಚರಿತ್ರೆಯ ಅಧ್ಯಾಪಕಿ ಜೆನಿಫರ್ ರಾಬರ್ಟ್ಸ್ ತಮ್ಮ ವಿದ್ಯಾರ್ಥಿಗಳಿಗೆ ಒಂದೇ ಚಿತ್ರವನ್ನು ಮೂರು ಗಂಟೆ ನೋಡಬೇಕೆಂಬ ನಿಯಮ ಮಾಡಿದ್ದರು. ಅದರ ಬಗ್ಗೆ 2013ರಲ್ಲಿ ಬರೆದರು. ಕಣ್ಣಿಗೆ ಬಿದ್ದದ್ದೆಲ್ಲ ತಕ್ಷಣ ಕಂಡಂತಾಗುವುದಿಲ್ಲ ಎಂಬುದು ಗೊತ್ತಾಗಲು ಅಷ್ಟು ಹೊತ್ತು ಬೇಕು.

ಆಮೇಲೆ ಅವರವರ ಶಾಸ್ತ್ರ ಕೆಲಸಕ್ಕಿಳಿಯಲಿ. ಶಿಲುಬೆಯ ಮರ ಪೋಪ್ಲರ್. ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಅದರ ಮೇಲಿನ ಸುಣ್ಣಬಿಳುಪಿನ ತಳಪದರವೂ ಬಣ್ಣವೂ ಮರದಷ್ಟು ಕುಗ್ಗಲಾರವು, ಹೀಗಾಗಿ ಎದ್ದು ಉದುರುತ್ತವೆ. ಆದ್ದರಿಂದ ಒದ್ದೆ ಹಲಗೆಗಳನ್ನು ಬೇಗ ಒಣಗಿಸಕೂಡದು. ಬೊಬೊಲಿ ಉದ್ಯಾನದಲ್ಲಿ ನಿಂಬೆ ಗಿಡಗಳನ್ನು ಚಳಿಯಿಂದ ಕಾಯಲು ಕಟ್ಟಿದ ದೊಡ್ಡ ಕೊಠಡಿಯಲ್ಲಿ ತೇವವನ್ನು ಬೇಕೆಂದೇ ಹೆಚ್ಚಿಟ್ಟು, ನಿಧಾನವಾಗಿ ಇಳಿಸುತ್ತ ಬಂದರು. ಮೆಟೀರಿಯಲ್ಸ್ ಎಂಜಿನಿಯರಿಂಗ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಗೋಡೆಯ ಭಿತ್ತಿಚಿತ್ರಗಳದ್ದು ಇನ್ನೊಂದು ಕಥೆ. ಸುಣ್ಣ ಜಿಪ್ಸಮ್ ಆಗಿ ಬದಲಾಗಿ ಬಣ್ಣವನ್ನು ಒಳಗಿಂದ ನೂಕುತ್ತಿತ್ತು. ರಸಾಯನಶಾಸ್ತ್ರಜ್ಞ ಎಂಜೊ ಫೆರೋನಿ, ಚಿತ್ರ ಸಂರಕ್ಷಕ ದೀನೊ ದೀನಿ ಕೂಡಿ ಅಮೋನಿಯಂ ಕಾರ್ಬೊನೇಟ್, ಅದರ ಬೆನ್ನಿಗೆ ಬೇರಿಯಂ ಹೈಡ್ರಾಕ್ಸೈಡ್ ಬಳಸಿ ಅದನ್ನು ತಡೆಯುವ ವಿಧಾನ ಕಂಡುಹಿಡಿದರು. ಒಬ್ಬನಿಗೆ ಸೂತ್ರ ಗೊತ್ತು, ಇನ್ನೊಬ್ಬನಿಗೆ ಗೋಡೆ ಗೊತ್ತು. ಇಬ್ಬರೂ ಒಂದೇ ಗೋಡೆಯ ಮುಂದೆ ಒಟ್ಟಿಗೆ ನಿಂತಿದ್ದರಿಂದ ಸಾಧ್ಯವಾದ ಕೆಲಸ ಅದು.

ಇಲ್ಲಿಯವರೆಗೆ ಶಾಸ್ತ್ರ ಗೆಲ್ಲುತ್ತ ಬಂತು. ಇನ್ನು ಮುಂದಿದೆ ಅದು ನಿಂತುಹೋಗುವ ಜಾಗ. ಉಳಿದ ಬಣ್ಣವನ್ನು ಉಳಿಸುವುದು ಹೇಗೆಂದು ರಸಾಯನಶಾಸ್ತ್ರ ಹೇಳಬಲ್ಲದು. ಹೋದ ಕಡೆ ಏನು ತುಂಬಬೇಕು? ಹಳೆಯ ಫೋಟೊ ನೋಡಿ ಕ್ರಿಸ್ತನ ಮುಖವನ್ನು ಮತ್ತೆ ಬರೆಯಬಹುದು; ಅದು ಸುಳ್ಳಾಗುತ್ತದೆ. ಬರೀ ಮರವನ್ನು ಹಾಗೇ ಬಿಡಬಹುದು. ಆಗ ಕಣ್ಣು ಗಾಯವನ್ನಷ್ಟೇ ನೋಡುತ್ತದೆ, ಚಿತ್ರವನ್ನಲ್ಲ. ಸಂರಕ್ಷಣೆಯ ಹೊಣೆ ಹೊತ್ತ ಉಂಬೆರ್ತೊ ಬಾಲ್ದಿನಿ, ಓರ್ನೆಲ್ಲಾ ಕಸಾತ್ಸಾ ಇಬ್ಬರೂ ಮೂರನೆಯ ದಾರಿ ಹಿಡಿದರು. ಚಿತ್ರದಲ್ಲಿ ಉಳಿದಿರುವ ಬಣ್ಣಗಳಿಂದಲೇ ಆಯ್ದ ಸಣ್ಣ ಸಣ್ಣ ಗೆರೆಗಳ ಜಾಲವನ್ನು ಖಾಲಿ ಜಾಗದಲ್ಲಿ ಹೆಣೆದರು. ಅದು ಯಾವ ಆಕಾರವನ್ನೂ ಅನುಕರಿಸುವುದಿಲ್ಲ, ಆದರೆ ದೂರದಿಂದ ಕಣ್ಣನ್ನು ತಡೆಯುವುದೂ ಇಲ್ಲ. 1976ರಲ್ಲಿ ಶಿಲುಬೆ ಮತ್ತೆ ಜನರ ಮುಂದೆ ಬಂತು. ಎಲ್ಲರೂ ಒಪ್ಪಲಿಲ್ಲ. ರೋಮಿನ ಚೆಸಾರೆ ಬ್ರಾಂದಿ 1963ರ ತಮ್ಮ ಪುಸ್ತಕದಲ್ಲಿ ಸಂರಕ್ಷಣೆಗೆ ಕಟ್ಟಿಕೊಟ್ಟಿದ್ದ ತತ್ತ್ವದ ಜೊತೆ ಇದು ಹೊಂದುತ್ತದೆಯೇ ಎಂಬ ಜಗಳ ಮುಗಿಯುವಂಥದ್ದಲ್ಲ.

ನಾನು ವಿದ್ಯಾರ್ಥಿಗಳನ್ನು ಕರೆದೊಯ್ಯಬೇಕೆನ್ನುವುದು ಈ ಜಗಳದ ನಡುವಿಗೆ. ಇಲ್ಲಿ ರಸಾಯನಶಾಸ್ತ್ರದ ಹುಡುಗಿಗೆ ತನ್ನ ಉತ್ತರ ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತದೆ. ಖಾಲಿ ಜಾಗವೂ ಅರ್ಥದ ಭಾಗ ಎಂದು ಸಲೀಸಾಗಿ ಹೇಳಿಬಿಡುವ ಸಾಹಿತ್ಯದ ಹುಡುಗನನ್ನು, ಆ ಜಾಗ ಖಾಲಿಯಾದದ್ದು ತಳಪದರ ಕುಗ್ಗದೆ ಹೋದದ್ದರಿಂದ ಎಂದು ಆಕೆ ತಡೆದು ನಿಲ್ಲಿಸುತ್ತಾಳೆ. ಜಲವಿಜ್ಞಾನ ಓದುವವನು 1333ರ ನವೆಂಬರ್ 4ರಂದೇ ಇದೇ ನದಿ ಇದೇ ಊರಿನ ಸೇತುವೆಗಳನ್ನು ಕೊಚ್ಚಿಕೊಂಡು ಹೋಗಿತ್ತೆಂಬುದನ್ನು ಲೆಕ್ಕಕ್ಕೆ ತಂದು, ಮುಂದಿನ ಪ್ರವಾಹದ ಎತ್ತರವನ್ನು ಅಂದಾಜು ಮಾಡಬಲ್ಲ. ಆದರೆ ಪೂಜೆಗಾಗಿ ಹುಟ್ಟಿದ ವಸ್ತುವನ್ನು ಸುರಕ್ಷಿತ ಮ್ಯೂಸಿಯಂಗೆ ಸಾಗಿಸಬೇಕೋ, ಅಪಾಯದ ಚರ್ಚಿನಲ್ಲೇ ಉಳಿಸಬೇಕೋ ಎಂಬುದಕ್ಕೆ ಅವನ ಬಳಿ ಸಮೀಕರಣವಿಲ್ಲ. ಅದೇ ಪ್ರವಾಹದಲ್ಲಿ ಮುಳುಗಿದ್ದ ವಸಾರಿಯ ‘ಕೊನೆಯ ಭೋಜನ’ ಚಿತ್ರ ಐವತ್ತು ವರ್ಷಗಳ ಕೆಲಸದ ನಂತರ 2016ರಲ್ಲಿ ಸಾಂತಾ ಕ್ರೋಚೆಗೆ ಮರಳಿತು. ನೀರು ಬಂದರೆ ಅದನ್ನು ಮೇಲಕ್ಕೆತ್ತುವ ಯಂತ್ರದ ಸಮೇತ. ಅಂಥ ಯಂತ್ರವನ್ನು ರೂಪಿಸುವುದು ಮೆಕ್ಯಾನಿಕಲ್ ಎಂಜಿನಿಯರಿಂಗ್. ರೂಪಿಸಬೇಕೆಂದು ನಿರ್ಧರಿಸುವುದು ಬೇರೆಯೇ ವಿಚಾರ. ಕಾಮರ್ಸ್ ಓದುವವರಿಗೆ ಅದೇ ಚರ್ಚಿನಲ್ಲಿ ಹತ್ತಾರು ಹೆಜ್ಜೆ ದೂರದಲ್ಲಿ ಬಾರ್ದಿ ಮನೆತನದ ಪ್ರಾರ್ಥನಾಗೃಹವಿದೆ. ಇಂಗ್ಲೆಂಡಿನ ಮೂರನೆಯ ಎಡ್ವರ್ಡ್‌ಗೆ ಸಾಲ ಕೊಟ್ಟು ಮುಂದೆ 1340ರ ದಶಕದಲ್ಲಿ ಮುಳುಗಲಿದ್ದ ಬ್ಯಾಂಕಿನವರು, ಬಡತನದ ವ್ರತ ಹಿಡಿದ ಸಂತ ಫ್ರಾನ್ಸಿಸ್ಸನ ಬದುಕನ್ನು ಚಿತ್ರಕಾರ ಜೊತ್ತೊನ ಕೈಯಲ್ಲಿ ಗೋಡೆಯ ಮೇಲೆ ಏಕೆ ಬರೆಸಿಕೊಂಡರು? ಈ ಪ್ರಶ್ನೆಯ ಮುಂದೆ ಲೆಡ್ಜರ್ ಓದಬಲ್ಲವರಿಗೆ ಹೇಳಲು ಬಹಳ ಇದೆ, ಎಲ್ಲವೂ ಇಲ್ಲ.

ಅಂಕ ಕೊಡುವುದು ಹೇಗೆ? ದಿನಚರಿ ಬಿಡೋಣ. ಸಂರಕ್ಷಕರು ಯಾವ ಕೆಲಸಕ್ಕೂ ಮುಂಚೆ ಬರೆಯುವ ಸ್ಥಿತಿವರದಿ ಎಂಬುದೊಂದಿದೆ: ವಸ್ತು ಈಗ ಹೇಗಿದೆ, ಎಲ್ಲಿ ಬಿರುಕು, ಎಲ್ಲಿ ಹಳೆಯ ತೇಪೆ, ಯಾವುದು ಕಂಡದ್ದು, ಯಾವುದು ಊಹೆ. ಬೇರೆಬೇರೆ ವಿಷಯದ ಮೂವರು ಕೂಡಿ ಒಂದು ಸ್ಥಿತಿವರದಿ ಬರೆಯಲಿ, ಅದಕ್ಕೆ ಮೂವರೂ ಸಹಿ ಹಾಕಲಿ, ಒಪ್ಪದೆ ಹೋದ ಕಡೆ ಒಪ್ಪಲಿಲ್ಲವೆಂದು ದಾಖಲಿಸಲಿ. ಅದನ್ನು ಓದಿ ತಿದ್ದುವವರು ಫ್ಲಾರೆನ್ಸಿನ ಸಂರಕ್ಷಕರೇ ಆಗಿರಲಿ, ಅವರಿಗೆ ಅಧ್ಯಾಪಕರ ಸಂಬಳ ಸಿಗಲಿ. 1588ರಲ್ಲಿ ಹುಟ್ಟಿದ ಒಪಿಫೀಚೊದಂಥ ಸಂರಕ್ಷಣಾ ಸಂಸ್ಥೆ ಆ ಊರಲ್ಲಿದೆ. ಅಲ್ಲಿನ ತಿಳಿವಳಿಕೆಗೆ ಬೆನ್ನುಹಾಕಿ ಅಮೆರಿಕದಿಂದ ತಂದ ಪವರ್‌ಪಾಯಿಂಟನ್ನು ಅಲ್ಲಿಯ ಬಾಡಿಗೆ ಕೋಣೆಯಲ್ಲಿ ತೋರಿಸುವುದು ನನಗೆ ಸಹಿಸಲಾಗದ ಸಂಗತಿ.

ಊರು ತಾನಾಗಿ ಕಲಿಸುತ್ತದೆ ಎಂಬ ನಂಬಿಕೆಯನ್ನು ಈ ರಂಗದವರೇ ಪರೀಕ್ಷಿಸಿ ನೋಡಿದ್ದಾರೆ. ಮೈಕೆಲ್ ವಾಂಡೆ ಬರ್ಗ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಮಾತು ಇದು: ಪರದೇಶದಲ್ಲಿ ಇದ್ದಮಾತ್ರಕ್ಕೆ ಬೇರೆ ಸಂಸ್ಕೃತಿಯ ತಿಳಿವು ಬೆಳೆಯುವುದಿಲ್ಲ, ಅಲ್ಲಿ ಪಕ್ಕದಲ್ಲಿದ್ದು ಕಂಡದ್ದನ್ನು ಪ್ರಶ್ನಿಸುತ್ತ ನಡೆಸುವ ಮಾರ್ಗದರ್ಶಕರು ಬೇಕು. ಇನ್ನೊಂದು ಅಧ್ಯಯನ ಎಲ್ಲರ ಬಾಯಲ್ಲೂ ಇದೆ, ತಪ್ಪಾಗಿ. ಯೇಲ್ ವಿಶ್ವವಿದ್ಯಾಲಯದ ಚರ್ಮರೋಗ ತಜ್ಞ ಇರ್ವಿನ್ ಬ್ರೇವರ್‌ಮನ್, ಅಲ್ಲಿನ ಕಲಾ ಮ್ಯೂಸಿಯಂನ ಲಿಂಡಾ ಫ್ರೀಡ್‌ಲೆಂಡರ್ ಮುಂತಾದವರು ವೈದ್ಯ ವಿದ್ಯಾರ್ಥಿಗಳಿಗೆ ಚಿತ್ರಗಳನ್ನು ವಿವರಿಸುವ ತರಬೇತಿ ಕೊಟ್ಟು 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲೆಯಿಂದ ವೈದ್ಯರಿಗೆ ಅನುಕಂಪ ಬರುತ್ತದೆ ಎನ್ನುವವರು ಇದನ್ನು ಮುಂದೆ ಹಿಡಿಯುತ್ತಾರೆ. ಅವರು ಅಳೆದದ್ದು ಅನುಕಂಪವನ್ನಲ್ಲ. ರೋಗಿಯ ಚಿತ್ರದಲ್ಲಿ ಎಷ್ಟು ಲಕ್ಷಣಗಳನ್ನು ಗುರುತಿಸಿ ಹೇಳಬಲ್ಲರು ಎಂಬುದನ್ನು. ಅದು ಸ್ವಲ್ಪಮಟ್ಟಿಗೆ ಹೆಚ್ಚಿತ್ತು. ನಡೆದದ್ದು ತಮ್ಮದೇ ಊರಿನ ಮ್ಯೂಸಿಯಂನಲ್ಲಿ, ಯಾರೂ ವಿಮಾನ ಹತ್ತಿರಲಿಲ್ಲ. ಊರಲ್ಲೇ ಆಗುವುದನ್ನು ಊರಲ್ಲೇ ಮುಗಿಸಿ, ಅಲ್ಲಿ ಹೋದರೆ ಮಾತ್ರ ಆಗುವುದಕ್ಕಾಗಿ ಹೋಗಬೇಕು.

ನನ್ನ ವಾದಕ್ಕೆ ಎದುರಾಗುವ ಮಾತುಗಳಲ್ಲಿ ಒಂದು ನಿಜಕ್ಕೂ ಭಾರವಾದದ್ದು. ಮನೆಯಲ್ಲಿ ಯಾರೂ ಪಾಸ್‌ಪೋರ್ಟ್ ನೋಡಿರದ ಕುಟುಂಬದ ಹುಡುಗ, ಸಾಲ ಮಾಡಿ ಬಂದವನು, ಮತ್ತೆಂದೂ ಇಲ್ಲಿಗೆ ಬರಲಾರ. ಅವನಿಗೆ ಉಫಿತ್ಸಿಯ ಬೊತ್ತಿಚೆಲ್ಲಿ ಚಿತ್ರಗಳನ್ನು ತೋರಿಸದೆ ಒಂದು ಹಾಳಾದ ಶಿಲುಬೆಯ ಮುಂದೆ ಮೂರು ವಾರ ಕೂರಿಸುವುದು ಕ್ರೂರವಲ್ಲವೇ? ಈ ಪ್ರಶ್ನೆ ಕೇಳುವವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಬೊತ್ತಿಚೆಲ್ಲಿಯನ್ನು ನೋಡಲು ಅವನಿಗೆ ಅಧ್ಯಾಪಕರು ಬೇಕಿಲ್ಲ. ವಾರಕ್ಕೆ ಎರಡು ದಿನ ಪೂರ್ತಿ ಬಿಡುವು ಕೊಡಿ, ಮ್ಯೂಸಿಯಂ ಪಾಸ್ ಕೊಡಿ, ಗುಂಪು ಕಟ್ಟಿ ಓಡಿಸಬೇಡಿ. ಶಿಲುಬೆಯ ಮುಂದೆ ನೋಡಲು ಕಲಿತ ಕಣ್ಣು ಉಫಿತ್ಸಿಯಲ್ಲಿ ಸುಮ್ಮನಿರುವುದಿಲ್ಲ. ಬಡ ವಿದ್ಯಾರ್ಥಿಗೆ ತೆಳುವಾದದ್ದು ಸಾಕು, ಆಳವಾದದ್ದು ಇರುವವರ ಐಷಾರಾಮ ಎಂಬ ಭಾವನೆ ಈ ವಾದದೊಳಗೆ ಅಡಗಿ ಕೂತಿದೆ. ಅದನ್ನು ನಾನು ಒಪ್ಪಲಾರೆ. ಕ್ರೆಡಿಟ್ಟಿನ ತೊಡಕು, ಡಿಪಾರ್ಟ್‌ಮೆಂಟುಗಳ ನಡುವಿನ ಎಳೆದಾಟ ಇವೆಲ್ಲ ಆಡಳಿತದ ಸಂಗತಿಗಳು, ಮನಸ್ಸಿದ್ದರೆ ಬಗೆಹರಿಯುತ್ತವೆ. ಇಬ್ಬರು ಅಧ್ಯಾಪಕರು ಸರದಿಯಲ್ಲಿ ಪಾಠ ಮಾಡುವುದನ್ನು ಬಿಟ್ಟು ಪ್ರತಿದಿನ ಒಟ್ಟಿಗೆ ಅದೇ ಕೋಣೆಯಲ್ಲಿರಬೇಕು ಎಂಬುದು ದುಬಾರಿ, ನಿಜ. ಊರೂರು ಸುತ್ತುವ ಬಸ್ಸಿನ ಬಾಡಿಗೆ ಉಳಿದರೆ ಅದಕ್ಕೊಂದಿಷ್ಟು ದಾರಿಯಾಗುತ್ತದೆ.

ಕನ್ನಡಿಗರಿಗೆ ಇಂಥ ಕೋರ್ಸಿನ ಮಾದರಿ ಹೊಸದೇನಲ್ಲ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ಬ್ಯಾಂಕಿನವರು, ಅಧ್ಯಾಪಕರು, ಕೃಷಿಕರು, ಸಾಫ್ಟ್‌ವೇರ್‌ನವರು ರಾತ್ರಿ ಒಂದೇ ನಾಟಕ ನೋಡಿ ಬೆಳಿಗ್ಗೆ ಅದರ ಮೇಲೆ ಮಾತಿಗೆ ಕೂರುತ್ತಾರೆ. ಎಲ್ಲರ ಮುಂದಿರುವುದು ಒಂದೇ ಕೃತಿಯಾದ್ದರಿಂದ ಭಿನ್ನಾಭಿಪ್ರಾಯಕ್ಕೆ ಹಿಡಿತ ಸಿಗುತ್ತದೆ. ನನಗೆ ಹಾಗನ್ನಿಸಿತು ಎಂದು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ರಂಗದ ಮೇಲೆ ನಡೆದದ್ದನ್ನು ಎತ್ತಿ ತೋರಿಸಬೇಕಾಗುತ್ತದೆ. ಆ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ಅವರ ಜೊತೆಗಾರರು ಕಟ್ಟಿದ್ದನ್ನು ಕೋರ್ಸು ರೂಪಿಸುವ ಯಾವ ದೇಶದವರಾದರೂ ಬಂದು ನೋಡಬಹುದು.

ಬೆಂಗಳೂರಿನ ಖಾಸಗಿ ಕಾಲೇಜುಗಳೂ ಈಗ ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಯುರೋಪಿನ ‘ಗ್ಲೋಬಲ್ ಇಮ್ಮರ್ಶನ್’ ಹತ್ತು ಹದಿನೈದು ದಿನಕ್ಕೆ ಮಾರುತ್ತಿವೆ. ಕರಪತ್ರಗಳಲ್ಲಿ ಕಲೆ, ಸಂಸ್ಕೃತಿ, ವಿನ್ಯಾಸ ಎಂಬ ಮಾತುಗಳಿಗೆ ಕೊರತೆಯಿಲ್ಲ. ಲಕ್ಷಗಟ್ಟಲೆ ಕಟ್ಟುವ ಮುಂಚೆ ಪೋಷಕರು ಕಾಲೇಜಿನವರನ್ನು ಕೂರಿಸಿಕೊಂಡು ಕೇಳಬೇಕು. ಯಾವ ಒಂದು ವಸ್ತುವಿನ ಮುಂದೆ ನನ್ನ ಮಗಳು ಎಷ್ಟು ಗಂಟೆ ಇರುತ್ತಾಳೆ? ಅವಳು ಓದುವ ಸಿವಿಲ್ ಎಂಜಿನಿಯರಿಂಗ್‌ನ ಯಾವ ಪ್ರಶ್ನೆಯನ್ನು ಅಲ್ಲಿಗೆ ಒಯ್ಯುತ್ತಾಳೆ? ಅಲ್ಲಿನವರಲ್ಲಿ ಯಾರು ಅವಳ ಬರಹವನ್ನು ತಿದ್ದುತ್ತಾರೆ? ಹೋಗುವ ಮುಂಚೆ ಇಲ್ಲಿ ಎಷ್ಟು ವಾರದ ಓದು? ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಗಳ ಚಿತ್ರಗಳನ್ನು ಆಕೆ ನೋಡಿದ್ದಾಳೆಯೇ, ಅವು ಮಾಸುವುದು ಏಕೆಂದು ಯಾರಾದರೂ ಅವಳಿಂದ ಬರೆಸಿದ್ದಾರೆಯೇ? ಈ ಪ್ರಶ್ನೆಗಳಿಗೆ ಕಾಲೇಜಿನವರು ಹೋಟೆಲ್ಲುಗಳ ಹೆಸರಿನಿಂದ ಉತ್ತರ ಕೊಟ್ಟರೆ ಹಣ ಕಟ್ಟಬಾರದು.